ಕಸಮ್ ಪರೇಡಿಗೆ ಹೋಗುವ ಮುನ್ನ: ತಮ್ಮನ ಮಗಳಿಗೊಂದು ಪತ್ರ

ಧಾರವಾಡ

ಚಿರಂಜೀವಿ ಮಗಳಿಗೆ,

ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಇತ್ತ ನಾವೆಲ್ಲರೂ ಕ್ಷೇಮ. ಮೊನ್ನೆ ಫೋನಿನಲ್ಲಿ ನೀನು ಕೇಳಿದ ಎರಡು ಪ್ರಶ್ನೆಗಳಿಗೆ ಆಗಲೇ ಉತ್ತರ ಹೇಳಿಬಿಡಬಹುದಿತ್ತು. ಆದರೆ ನಾಲ್ಕು ಜನರ ನಡುವೆ ನಿಂತು ಅವಸರದಲ್ಲಿ ಆಡುವ ಮಾತು ಅದಲ್ಲವೆನಿಸಿತು. ಮೇಲಾಗಿ ಇದನ್ನು ನೀನು ನಿನ್ನ ಅಪ್ಪನಿಗೂ ಅವ್ವನಿಗೂ ಓದಿ ಹೇಳಬೇಕೆಂಬ ಆಸೆಯಿಂದ ಕಾಗದದಲ್ಲಿ ಬರೆಯುತ್ತಿದ್ದೇನೆ.

ಬರುವ ಭಾನುವಾರ ಬೆಂಗಳೂರಿಗೆ ಹೋಗಿ, ಸೈನ್ಯದ ತರಬೇತಿಯಲ್ಲಿರುವ ನಿನ್ನ ತಮ್ಮನನ್ನು ಕಾಣುವಾಗ, ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಸಂಗತಿಯನ್ನು ಅವನಿಗೆ ಹೇಳಬೇಕೋ ಬೇಡವೋ ಎಂಬುದು ನಿನ್ನ ಮೊದಲ ಪ್ರಶ್ನೆ. ಮುಂದಿನ ತಿಂಗಳು, ತರಬೇತಿ ಮುಗಿಸಿದ ಹುಡುಗರು ಪ್ರಮಾಣ ಮಾಡುವ ಕಸಮ್ ಪರೇಡಿಗೆ ಮನೆಯಿಂದ ಮೂವರ ಹೆಸರು ಕೊಡಬೇಕಾಗಿದ್ದು, ನಿನ್ನ ಅಪ್ಪ ತನ್ನದು, ನಿನ್ನದು, ನನ್ನದು ಎಂದು ಬರೆಸಿದ್ದಾನೆ, ಅದು ಸರಿಯೇ ಎಂಬುದು ಎರಡನೆಯದು.

ಮೊದಲನೆಯದಕ್ಕೆ ನನ್ನ ಉತ್ತರ, ಹೇಳಲೇಬೇಕು. ಹೀಗೇಕೆ ಖಡಾಖಂಡಿತವಾಗಿ ಹೇಳುತ್ತೇನೆಂದರೆ, ಮುಚ್ಚಿಟ್ಟರೆ ಏನಾಗುತ್ತದೆ ಎಂಬುದನ್ನು ಅನುಭವಿಸಿದವನು ನಾನು. 1983ರಲ್ಲಿ ನಾನು ರಂಗರೂಟ್, ಅಂದರೆ ಸೈನ್ಯಕ್ಕೆ ಹೊಸದಾಗಿ ಸೇರಿ ತರಬೇತಿಯಲ್ಲಿರುವ ಹುಡುಗ, ಆಗಿದ್ದಾಗ ನನ್ನ ಕಸಮ್ ಪರೇಡಿಗೆ ನಮ್ಮ ಅಪ್ಪ, ಅಂದರೆ ನಿನ್ನ ಅಜ್ಜ, ಒಬ್ಬರೇ ಎರಡು ರೈಲು ಬದಲಿಸಿ ಬಂದಿದ್ದರು. ಬಿಳಿ ರುಮಾಲು ಸುತ್ತಿಕೊಂಡು ಮುಂದಿನ ಸಾಲಿನಲ್ಲಿ ಕುಳಿತಿದ್ದವರನ್ನು ನಾನು ಕವಾಯತಿನ ನಡುವೆಯೇ ಗುರುತಿಸಿದ್ದೆ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಸೆಕೆ ತಾಳದೆ ಅವರು ಮರೆತು ರುಮಾಲು ಬಿಚ್ಚಿ ಬೆವರು ಒರೆಸಿಕೊಂಡರು. ಬೋಳಿಸಿದ ತಲೆಯ ಮೇಲೆ ರಾಗಿ ಕಾಳಿನಷ್ಟು ಬಿಳಿ ಕೂದಲು ಆಗತಾನೆ ಚಿಗುರಿತ್ತು. ನಮ್ಮ ಮನೆತನದಲ್ಲಿ ತಲೆ ಬೋಳಿಸುವುದು ಯಾವಾಗ ಎಂಬುದು ನನಗೆ ಗೊತ್ತಿಲ್ಲವೇ? ಕೈಯಲ್ಲಿದ್ದ ತುತ್ತು ಹಾಗೆಯೇ ಉಳಿಯಿತು. "ಯಾರಪ್ಪಾ?" ಎಂದು ಕೇಳಿದೆ. ಅವರು ರುಮಾಲನ್ನು ಮತ್ತೆ ಸುತ್ತಿಕೊಳ್ಳುತ್ತ, "ನಿಮ್ಮ ಅಜ್ಜಿ. ನಿನ್ನ ಮನಸ್ಸು ಕೆಡಬಾರದು ಅಂತ ಹೇಳಲಿಲ್ಲ" ಎಂದರು.

ಅವರು ಪ್ರೀತಿಯಿಂದಲೇ ಮುಚ್ಚಿಟ್ಟಿದ್ದರು, ಅದರಲ್ಲಿ ನನಗೆ ಇಂದಿಗೂ ಸಂಶಯವಿಲ್ಲ. ಆದರೆ ಆ ದಿನದ ಬ್ಯಾಂಡು, ಧ್ವಜ, ಹೊಸ ಸಮವಸ್ತ್ರ ಇವಾವುವೂ ನನ್ನ ನೆನಪಿನಲ್ಲಿ ಉಳಿಯಲಿಲ್ಲ, ಆ ತಲೆಯೊಂದೇ ಉಳಿಯಿತು. ಆಮೇಲೆ ಹಲವು ವರ್ಷ, ಮನೆಯಿಂದ "ಎಲ್ಲರೂ ಕ್ಷೇಮ" ಎಂದು ಕಾಗದ ಬಂದಾಗಲೆಲ್ಲ ಅದನ್ನು ನಂಬಲಾಗದೆ ಎರಡೆರಡು ಸಲ ಓದುತ್ತಿದ್ದೆ. ಗಡಿಯಲ್ಲಿರುವ ಸಿಪಾಯಿಗೆ ಮನೆಯ ಮಾತಿನ ಮೇಲೆ ನಂಬಿಕೆ ಹೋಗುವುದು ಎಂಥ ಕಷ್ಟವೆಂಬುದನ್ನು ನಿನ್ನ ತಮ್ಮ ತಿಳಿಯುವುದು ಬೇಡ.

ಹೇಳುವುದಕ್ಕೂ ಒಂದು ಕ್ರಮವಿದೆ. ಶನಿವಾರವೇ ಅವನ ತರಬೇತಿ ಕಂಪನಿಗೆ ಫೋನ್ ಮಾಡಿ ಉಸ್ತಾದರಿಗೆ, ಅಂದರೆ ಅವನಿಗೆ ತರಬೇತಿ ಕೊಡುವವರಿಗೆ, ವಿಷಯ ತಿಳಿಸಿಬಿಡು, ನೀವು ಹೊರಟುಹೋದ ಮೇಲೆ ರಾತ್ರಿ ಬ್ಯಾರಕಿನಲ್ಲಿ ಅವನ ಮೇಲೆ ಒಂದು ಕಣ್ಣಿಡುವವರು ಅವರೇ. ಭೇಟಿಯಾದ ಮೊದಲ ಹತ್ತು ನಿಮಿಷದಲ್ಲೇ ಅವನಿಗೆ ಹೇಳಿ. ಗೇಟಿನ ಹತ್ತಿರ ಬೀಳ್ಕೊಡುವಾಗ ಹೇಳಿ ಬರುವ ತಪ್ಪನ್ನು ಮಾತ್ರ ಮಾಡಬೇಡಿ. ಮೊದಲೇ ಹೇಳಿದರೆ ಅವನು ಅತ್ತು, ಕೇಳಬೇಕಾದುದನ್ನು ಕೇಳಿ, ಮತ್ತೆ ನಿಮ್ಮೊಡನೆ ನಗುವಷ್ಟು ಹೊತ್ತು ಉಳಿದಿರುತ್ತದೆ. ಶಸ್ತ್ರಚಿಕಿತ್ಸೆ ಆಗಿದೆ, ಅಜ್ಜಿ ಊಟ ಮಾಡುತ್ತಿದ್ದಾಳೆ, ಇನ್ನೂ ಎದ್ದು ನಡೆಯುತ್ತಿಲ್ಲ ಎಂದು ಇದ್ದದ್ದನ್ನು ಇದ್ದಷ್ಟೇ ಹೇಳಿ.

ನಿನಗೆ ಗೊತ್ತಿರುವಂತೆ ಸೇವೆಯ ಕೊನೆಯ ಭಾಗದಲ್ಲಿ ನಾನು ಮೂರು ವರ್ಷ ತರಬೇತಿ ಕೇಂದ್ರವೊಂದರಲ್ಲಿ ಉಸ್ತಾದನಾಗಿದ್ದೆ. ಭಾನುವಾರದ ಭೇಟಿಗಳನ್ನು ಆ ಕಡೆಯಿಂದಲೂ ನೋಡಿದ್ದೇನೆ. ಮನೆಯವರು ಬಂದು ಹೋದ ಮೇಲೆ ಹುಡುಗನೊಬ್ಬ ಸೋಮವಾರದ ಓಟದಲ್ಲಿ ಹಿಂದೆ ಬಿದ್ದರೆ ನಾವು ಬೈಯುತ್ತಿರಲಿಲ್ಲ, ಏಕೆಂದರೆ ಅವನ ಕಾಲು ಮೈದಾನದಲ್ಲಿದ್ದರೂ ಮನಸ್ಸು ಇನ್ನೂ ಊರಿನ ಬಸ್ಸಿನಲ್ಲಿ ಇರುತ್ತಿತ್ತು. ಆದುದರಿಂದಲೇ ಮೊದಲ ತಿಂಗಳಲ್ಲಿ ಹೋಗಬೇಡಿ ಎಂದು ನಾನು ತಡೆದದ್ದು, ನಿನ್ನ ಅವ್ವ ನನ್ನ ಮೇಲೆ ಮುನಿಸಿಕೊಂಡದ್ದು. ಈಗ ಮೊದಲ 10 ವಾರದ ಮೂಲ ತರಬೇತಿ ಮುಗಿಸಿ, ಒಟ್ಟು 31 ವಾರದಲ್ಲಿ ಹೆಚ್ಚಿನ ಪಾಲನ್ನು ಕಳೆದಿದ್ದಾನೆ, ನಿಮ್ಮನ್ನು ಕಂಡರೆ ಗಟ್ಟಿಯಾಗುತ್ತಾನೆಯೇ ಹೊರತು ಕುಗ್ಗುವುದಿಲ್ಲ.

ಅವನನ್ನು ಕಂಡ ಕೂಡಲೇ "ಎಷ್ಟು ಕಪ್ಪಾಗಿದ್ದೀ, ಎಷ್ಟು ಸೊರಗಿದ್ದೀ" ಎಂಬ ಮಾತು ನಿನ್ನ ಅವ್ವನ ಬಾಯಿಗೆ ಬಂದೇ ಬರುತ್ತದೆ. ಅವನು ಆ ಮೈಯನ್ನು ಬೆವರು ಸುರಿಸಿ ಗಳಿಸಿದ್ದಾನೆ ಎಂದು ಅವಳಿಗೆ ಮೊದಲೇ ತಿಳಿಸಿ ಹೇಳು. ಅಂಗೈಯ ಗುಬುಟುಗಳನ್ನು ನೋಡಲಿ, ಸವರಲಿ, ಆದರೆ ಅದಕ್ಕಾಗಿ ಮರುಗುವುದು ಬೇಡ. ಹೊರಗಿನ ತಿಂಡಿಗೆ ಅನುಮತಿ ಇದೆಯೇ ಎಂದು ಫೋನಿನಲ್ಲೇ ಕೇಳಿಕೊ. ಇದ್ದರೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಶೇಂಗಾ ಹೋಳಿಗೆಗಳಂಥ ಕೆಡದ ಪದಾರ್ಥಗಳನ್ನು ಅವನೊಬ್ಬನಿಗಾಗುವಷ್ಟಲ್ಲ, ಬ್ಯಾರಕಿನ ಸಾಲಿಗೆಲ್ಲ ಆಗುವಷ್ಟು ಕಟ್ಟಿಕೊಂಡು ಹೋಗಿ. ಅವನ ಜೊತೆಗಾರ ತಮಿಳುನಾಡಿನ ಹುಡುಗನ ತಂದೆತಾಯಿ ಬರುವಂತಿಲ್ಲ ಎಂದು ನೀನು ಹೇಳಿದ್ದೆ, ಭೇಟಿಗೂ ಪರೇಡಿನ ದಿನದ ಊಟಕ್ಕೂ ಅವನನ್ನು ನಿಮ್ಮೊಡನೆ ಕೂಡಿಸಿಕೊಳ್ಳಿ.

ಇನ್ನೊಂದು ಮಾತು, ಇದು ನಿನ್ನ ಅಪ್ಪನಿಗೆ. ಉಸ್ತಾದರಿಗೆ ಕೈಮುಗಿದು ವಂದಿಸುವುದು ಬಿಟ್ಟು ಬೇರೇನನ್ನೂ ಕೊಡಬಾರದು, ಕೇಳಬಾರದು. ನಾನು ಉಸ್ತಾದನಾಗಿದ್ದಾಗ ಒಬ್ಬ ತಂದೆ, ಪಾಪ, ಮಗನಿಗೆ ರಗಡಾ, ಅಂದರೆ ಶಿಕ್ಷೆಯ ಕಸರತ್ತು, ಕಡಿಮೆ ಮಾಡಿ ಎಂದು ಮಡಚಿದ ನೋಟನ್ನು ನನ್ನ ಕೈಗೆ ತುರುಕಲು ಬಂದಿದ್ದರು. ನಾನು ಅದನ್ನು ಹಿಂದಿರುಗಿಸಿದೆ, ಯಾರಿಗೂ ಹೇಳಲಿಲ್ಲ. ಆದರೆ ನಾಲ್ಕು ಹೆಜ್ಜೆ ಆಚೆ ನಿಂತಿದ್ದ ಮಗ ಅದನ್ನು ನೋಡಿದ್ದ. ಅಂದಿನಿಂದ ಕೊನೆಯ ದಿನದವರೆಗೆ ಆ ಹುಡುಗ ನನ್ನ ಮುಖ ನೋಡಿ ಮಾತನಾಡಲಿಲ್ಲ.

ಬೆಳಗಾವಿಯ ಮರಾಠಾ ರೆಜಿಮೆಂಟಿಗೆ ಸೇರಿ ಬಂದೂಕು ಹಿಡಿಯುತ್ತಾನೆಂದುಕೊಂಡಿದ್ದವನು ಸೇತುವೆ ಕಟ್ಟುವ ದಳಕ್ಕೆ ಹೋದ ಎಂಬ ಕೊರಗು ನಿನ್ನ ಅಪ್ಪನಿಗೆ ಇನ್ನೂ ಇದೆ, ಮತ್ತು ಅದನ್ನು ಮಗನ ಮುಂದೆ ಆಡಿ ತೋರಿಸುವ ಅಭ್ಯಾಸವೂ ಇದೆ. ಹಲಸೂರು ಕೆರೆಯ ಪಕ್ಕದಲ್ಲಿರುವ ಆ ಮದ್ರಾಸ್ ಎಂಜಿನಿಯರ್ ಗ್ರೂಪಿನ ಮೂಲ 1780ರದು, ಬೆಂಗಳೂರಿನಲ್ಲಿ ಅದು ನೆಲೆನಿಂತದ್ದು 1834ರಲ್ಲಿ. ಆ ದಳದ ಸುಬೇದಾರ್ ಸುಬ್ರಮಣಿಯನ್ ಅವರು 1944ರ ಫೆಬ್ರವರಿ 24ರಂದು ಇಟಲಿಯಲ್ಲಿ ನೆಲಬಾಂಬುಗಳನ್ನು ತೆರವುಗೊಳಿಸುವ ಕೆಲಸದಲ್ಲಿದ್ದಾಗ, ಜೊತೆಯವನೊಬ್ಬನ ಕಾಲು ಒಂದು ಬಾಂಬಿನ ಮೇಲೆ ಬಿದ್ದದ್ದನ್ನು ಕಂಡು, ಅದು ಸಿಡಿಯುವ ಮೊದಲು ಅದರ ಮೇಲೆ ತಮ್ಮ ಮೈಯನ್ನೇ ಹಾಸಿ ಉಳಿದವರನ್ನು ಕಾಪಾಡಿದರು. ಬ್ರಿಟಿಷರ ಶೌರ್ಯ ಪದಕವಾದ ಜಾರ್ಜ್ ಕ್ರಾಸ್ ಪಡೆದ ಮೊದಲ ಭಾರತೀಯರು ಅವರು, ಪಡೆದದ್ದು ಮರಣೋತ್ತರವಾಗಿ. ಉಳಿದ ಪಡೆ ಮುಂದೆ ಹೆಜ್ಜೆ ಇಡುವುದಕ್ಕೆ ಮೊದಲು ಆ ನೆಲದ ಮೇಲೆ ಹೆಜ್ಜೆ ಇಡುವವನು ಸ್ಯಾಪರ್, ಅಂದರೆ ಈ ಎಂಜಿನಿಯರ್ ದಳದ ಸಿಪಾಯಿ. ಇಷ್ಟನ್ನು ಅಪ್ಪನಿಗೆ ಎರಡು ಸಲ ಓದಿ ಹೇಳು. ಹಾಗೆಯೇ ನಾಲ್ಕು ವರ್ಷದ ಅಗ್ನಿವೀರ ಸೇವೆ ಮುಗಿದ ಮೇಲೆ ನೂರಕ್ಕೆ 25ರವರೆಗೆ ಮಾತ್ರ ಉಳಿಸಿಕೊಳ್ಳುತ್ತಾರಲ್ಲ, ಆಮೇಲೇನು ಎಂಬ ಚರ್ಚೆಯನ್ನೂ ಭೇಟಿಯ ದಿನ ತೆಗೆಯುವುದು ಬೇಡ. ಅದು ಅವನಿಗೆ ನಿಮಗಿಂತ ಚೆನ್ನಾಗಿ ಗೊತ್ತಿದೆ, ರಜೆಗೆ ಬಂದಾಗ ಕುಳಿತು ಮಾತಾಡಿ.

ಪರೇಡಿನ ದಿನದ ವಿಚಾರಕ್ಕೆ ಬರುತ್ತೇನೆ. ರಾಣಿ ಚೆನ್ನಮ್ಮ ರೈಲಿನಲ್ಲಿ ರಾತ್ರಿಯಿಡೀ ಕುಳಿತು ಅದೇ ಬೆಳಿಗ್ಗೆ ಇಳಿದು ನೇರವಾಗಿ ಮೈದಾನಕ್ಕೆ ಓಡುವ ಯೋಜನೆಯನ್ನು ಕೈಬಿಡಿ. ಪರೇಡು ಬಿಸಿಲೇರುವ ಮೊದಲೇ ಶುರುವಾಗುತ್ತದೆ, ಗೇಟಿನಲ್ಲಿ ಗುರುತಿನ ಚೀಟಿ ನೋಡಿ ಒಳಗೆ ಬಿಡುವುದಕ್ಕೂ ಹೊತ್ತು ಹಿಡಿಯುತ್ತದೆ, ರೈಲು ತಡವಾದರೆ ಆ ಗಳಿಗೆ ಮತ್ತೆ ಬರುವುದಿಲ್ಲ. ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ. ದೊಡ್ಡ ನಿಲ್ದಾಣದಿಂದ ನೇರಳೆ ಮಾರ್ಗದ ಮೆಟ್ರೊ ಹಲಸೂರಿಗೆ ಹೋಗುತ್ತದೆ. ಆಧಾರ್ ಕಾರ್ಡುಗಳ ಮೂಲಪ್ರತಿ ಇರಲಿ. ಫೋಟೊ ತೆಗೆಯಬಹುದೆಂದು ಅವರು ಹೇಳಿದ ಜಾಗದಲ್ಲಿ ಮಾತ್ರ ತೆಗೆಯಿರಿ, ಅದನ್ನು ಸ್ಟೇಟಸ್ಸಿಗೆ ಹಾಕುವ ಮುನ್ನ ತಮ್ಮನನ್ನು ಕೇಳು.

ಧ್ವಜ ಮೈದಾನಕ್ಕೆ ಬಂದಾಗ ಎದ್ದು ನಿಲ್ಲಬೇಕು. ಧರ್ಮಗುರುಗಳು ಪವಿತ್ರ ಗ್ರಂಥಗಳೊಡನೆ ಬರುತ್ತಾರೆ, ಹುಡುಗರು ಸಂವಿಧಾನಕ್ಕೆ ನಿಷ್ಠರಾಗಿರುತ್ತೇವೆಂದು ಪ್ರಮಾಣ ಮಾಡುತ್ತಾರೆ. ಆ ಪರೇಡಿಗೆ ಕಸಮ್ ಎಂಬ ಹೆಸರು ಬಂದದ್ದೇ ಇದರಿಂದ. ಭೂಮಿ, ಸಮುದ್ರ, ಆಕಾಶ ಯಾವ ದಾರಿಯಿಂದ ಎಲ್ಲಿಗೆ ಕಳುಹಿಸಿದರೂ ಹೋಗುತ್ತೇನೆ, ಪ್ರಾಣಕ್ಕೆ ಅಪಾಯವಿದ್ದರೂ ಮೇಲಿನವರ ಆಜ್ಞೆಯನ್ನು ಪಾಲಿಸುತ್ತೇನೆ ಎಂಬುದು ಅದರ ಸಾರ. ಅದೆಲ್ಲ ಹಿಂದಿಯಲ್ಲಿ ನಡೆಯುತ್ತದೆ. ನಿನ್ನ ಅವ್ವನಿಗೆ ಅದು ತಿಳಿಯುವುದಿಲ್ಲವೆಂದು ಮೈದಾನದಲ್ಲಿ ಅವಳ ಕಿವಿಯಲ್ಲಿ ಪಿಸುಗುಡಬೇಡ. ಮನೆಯಲ್ಲೇ ಒಂದು ಸಂಜೆ ಅವಳ ಹತ್ತಿರ ಕುಳಿತು ಕನ್ನಡದಲ್ಲಿ ಹೇಳು. ಪ್ರಾಣದ ಮಾತು ಬಂದಾಗ ಅವಳು ಅಳುತ್ತಾಳೆ, ಅಳಲಿ, ಅಡುಗೆಮನೆಯಲ್ಲೇ ಅತ್ತು ಮುಗಿಸಲಿ. ಅಂದು ಮೈದಾನದಲ್ಲಿ ಮಗ ಆ ಮಾತನ್ನು ಆಡುವಾಗ ಅದರ ಅರ್ಥ ಗೊತ್ತಿದ್ದೂ ಎದ್ದು ನಿಂತ ತಾಯಿಯಾಗಿ ಅವಳು ಅಲ್ಲಿರಬೇಕು.

ಇಲ್ಲಿಗೆ ನಿನ್ನ ಎರಡನೆಯ ಪ್ರಶ್ನೆಗೂ ನನ್ನ ಉತ್ತರ ತಿಳಿದಿರಬೇಕು. ನನ್ನ ಹೆಸರನ್ನು ತೆಗೆಸಿ ನಿನ್ನ ಅವ್ವನ ಹೆಸರನ್ನು ಬರೆಸು. ಅವಳು ಯಾವತ್ತೂ ಅಷ್ಟು ದೂರ ಹೋದವಳಲ್ಲ, ಪರೇಡಿನಲ್ಲಿ ಹೆಂಗಸರಿಗೇನು ಕೆಲಸ ಎಂದು ನಿನ್ನ ಅಪ್ಪ ಅನ್ನುತ್ತಾನಂತೆ. 2023ರ ಮಾರ್ಚ್ 28ರಂದು ಒಡಿಶಾದ ಚಿಲ್ಕಾದಲ್ಲಿ ನೌಕಾಪಡೆಯ ಮೊದಲ ತಂಡದ ಅಗ್ನಿವೀರರು ಸೂರ್ಯಾಸ್ತದ ಬಳಿಕ ನಡೆಸಿದ ಪರೇಡಿನಲ್ಲಿ ಹೆಣ್ಣುಮಕ್ಕಳೂ ಸಾಲುಗಟ್ಟಿ ಹೆಜ್ಜೆ ಹಾಕಿದರು. ಮೈದಾನದೊಳಗೆ ಹೆಣ್ಣುಮಕ್ಕಳು ನಡೆಯುತ್ತಿರುವ ಕಾಲದಲ್ಲಿ ಹೆತ್ತವಳಿಗೆ ಕುರ್ಚಿಯಲ್ಲಿ ಜಾಗವಿಲ್ಲವೇ? ಈಗ ಹಲವು ಕೇಂದ್ರಗಳಲ್ಲಿ ಪರೇಡಿನ ನಂತರ ತಂದೆತಾಯಿಗಳ ಎದೆಗೆ ಗೌರವ ಪದಕ ತೊಡಿಸುವ ಒಳ್ಳೆಯ ಪದ್ಧತಿ ಬಂದಿದೆ. ಅದಾದ ಮೇಲೆ ಹುಡುಗರು ತಮ್ಮ ಟೋಪಿಯನ್ನು ತಾಯಿಯ ತಲೆಗೆ ಇಟ್ಟು ಸೆಲ್ಯೂಟ್ ಹೊಡೆಯುವುದನ್ನು ನಾನು ಕಂಡಿದ್ದೇನೆ. ಎಷ್ಟೋ ಬಾರಿ ಆ ತಾಯಂದಿರು ಸೆರಗು ಸರಿಪಡಿಸಿಕೊಳ್ಳಲೂ ಮರೆತು ಎರಡೂ ಕೈಯಿಂದ ಆ ಟೋಪಿಯನ್ನು ಬೀಳದಂತೆ ಹಿಡಿದುಕೊಂಡು ನಿಂತಿರುತ್ತಿದ್ದರು. ನನ್ನ ಅವ್ವನಿಗೆ 1983ರಲ್ಲಿ ಆ ಭಾಗ್ಯ ಸಿಗಲಿಲ್ಲ. ಟಿಕೆಟ್ಟಿಗೆ ಒಬ್ಬರಿಗಾಗುವಷ್ಟೇ ಹಣವಿತ್ತು, ಅವಳು ಮನೆಯಲ್ಲಿ ಉಳಿದಳು. ಈಗ ಮಂಚ ಹಿಡಿದಿರುವವಳು ಅವಳೇ, ಅವಳ ಸೇವೆಯ ಕಾರಣಕ್ಕೆ ಇನ್ನೊಬ್ಬ ತಾಯಿ ಮನೆಯಲ್ಲಿ ಉಳಿಯುವುದನ್ನು ಅವಳೂ ಒಪ್ಪುವುದಿಲ್ಲ, ಬೇಕಾದರೆ ಕೇಳಿ ನೋಡು.

ಅಜ್ಜಿಯನ್ನು ನೋಡಿಕೊಳ್ಳುವವರು ಯಾರು ಎಂದು ನಿನ್ನ ಅವ್ವ ಕೇಳುತ್ತಾಳೆ. ನಾನು ನೋಡಿಕೊಳ್ಳುತ್ತೇನೆ. ಹುಡುಗನ ಪರೇಡು ನೋಡುವ ಆಸೆ ನನಗೂ ಬಹಳವಿತ್ತು, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಆದರೆ ನಾನು ಅಂಥ ಪರೇಡುಗಳನ್ನು ಎಷ್ಟೋ ನೋಡಿದ್ದೇನೆ, ಅವಳು ಒಂದನ್ನೂ ನೋಡಿಲ್ಲ. ನೀವು ಹೊರಡುವ ಹಿಂದಿನ ದಿನ ಸಂಜೆಯ ಬಸ್ಸಿಗೆ ನಿನ್ನ ದೊಡ್ಡಮ್ಮನನ್ನೂ ಕರೆದುಕೊಂಡು ಊರಿಗೆ ಬರುತ್ತೇನೆ. ಅಜ್ಜಿಯ ಮಾತ್ರೆಗಳ ಹೆಸರು, ಕೊಡುವ ಹೊತ್ತು, ಮಗ್ಗುಲು ಬದಲಿಸುವಾಗ ಯಾವ ಕಡೆ ದಿಂಬು ಇಡಬೇಕೆಂಬುದನ್ನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಮಂಚದ ಹತ್ತಿರದ ಗೋಡೆಗೆ ಅಂಟಿಸಿಡು. ಪರೇಡು ಮುಗಿದು ತಮ್ಮನ ಕೈಗೆ ಫೋನು ಬಂದ ಕೂಡಲೇ ನನ್ನ ನಂಬರಿಗೆ ಮಾಡಿಸು, ಅಜ್ಜಿಯ ಕಿವಿಗೆ ಹಿಡಿಯುತ್ತೇನೆ.

ಇಂತು ನಿನ್ನ
ದೊಡ್ಡಪ್ಪ