ಹಳೆಯ ಅದಿರಿನ ತುಂಡುಗಳನ್ನು ಎಸೆಯಬೇಡಿ

ಮಾನ್ಯ ಸಂಪಾದಕರೇ,

ಖನಿಜಗಳಲ್ಲಿನ ತಾಮ್ರದ ಸಮಸ್ಥಾನಿಗಳನ್ನು (ಒಂದೇ ಧಾತುವಿನ, ತೂಕದಲ್ಲಿ ಮಾತ್ರ ಬೇರೆಯಾದ ಪರಮಾಣುಗಳನ್ನು) ಲೇಸರ್ ನೆರವಿನಿಂದ ಅಳೆಯುವ ವಿಧಾನವನ್ನು ಕುರಿತು ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಬರಹವನ್ನು ಸಂತೋಷದಿಂದ ಓದಿದೆ. ಆದರೆ ಲೇಸರಿನ ವೇಗವನ್ನು ವಿವರಿಸಿದಷ್ಟು ಕಾಳಜಿಯಿಂದ, ಅಳತೆ ನಂಬಿಕೆಗೆ ಅರ್ಹವಾಗಲು ಏನೇನು ಮಾಡಬೇಕೆಂಬುದನ್ನು ಅದು ವಿವರಿಸಲಿಲ್ಲ.

ನಿಸರ್ಗದ ತಾಮ್ರದಲ್ಲಿ ಸುಮಾರು ಶೇ 69 ಭಾಗ ತಾಮ್ರ-63, ಉಳಿದದ್ದು ತಾಮ್ರ-65. ಭೂಮಿಯಾಳದ ಬಿಸಿಯಲ್ಲಿ ರೂಪುಗೊಂಡ ಚಾಲ್ಕೊಪೈರೈಟ್ ಎಂಬ ತಾಮ್ರದ ಅದಿರಿನಲ್ಲಿ ಈ ಅನುಪಾತ ಸಾಮಾನ್ಯವಾಗಿ ಸಾವಿರಕ್ಕೆ ಒಂದು ಭಾಗದಷ್ಟು ಮಾತ್ರ ಆಚೀಚೆ ಆಗುತ್ತದೆ. ಅದೇ ಖನಿಜ ಗಾಳಿ, ಮಳೆನೀರು ತಾಗಿ ಕರಗತೊಡಗಿದಾಗ ಭಾರದ ತಾಮ್ರ-65 ನೀರಿನೊಂದಿಗೆ ತುಸು ಹೆಚ್ಚಾಗಿ ಇಳಿದುಹೋಗುತ್ತದೆ. ಮೇಲಿನ ಕೆಂಪು ಶಿಲಾಪದರದಲ್ಲಿ ಹಗುರ ತಾಮ್ರ ಉಳಿಯುತ್ತದೆ, ಕೆಳಗೆ ಮರಳಿ ಶೇಖರವಾದ ಚಾಲ್ಕೊಸೈಟ್ ಎಂಬ ಇನ್ನೊಂದು ತಾಮ್ರದ ಖನಿಜದಲ್ಲಿ ಭಾರದ್ದು ಸೇರಿಕೊಳ್ಳುತ್ತದೆ. ಆದ್ದರಿಂದಲೇ ಮೇಲ್ಮೈಯ ಒಂದು ಕಲ್ಲು ಆಳದ ಅದಿರಿನ ಸುಳಿವು ಕೊಡಬಲ್ಲದು.

ಲೇಸರ್ ಖನಿಜದ ಮೇಲೆ ಕೂದಲೆಳೆಯಷ್ಟು ಅಗಲದ ಕುಳಿ ತೋಡುತ್ತದೆ. ಎದ್ದ ಧೂಳನ್ನು ಹೀಲಿಯಂ ಅನಿಲ ಆರ್ಗಾನ್ ಪ್ಲಾಸ್ಮಾಕ್ಕೆ (ವಿದ್ಯುದಾವೇಶಗೊಂಡ ಅತಿ ಬಿಸಿಯ ಅನಿಲಕ್ಕೆ) ಒಯ್ಯುತ್ತದೆ. ಅಲ್ಲಿ ವಿದ್ಯುದಾವೇಶ ಪಡೆದು ಅಯಾನುಗಳಾದ ಪರಮಾಣುಗಳನ್ನು ಅಯಸ್ಕಾಂತವು ದ್ರವ್ಯರಾಶಿಗೆ ತಕ್ಕಂತೆ ಬೇರ್ಪಡಿಸುತ್ತದೆ. ತೊಡಕಿರುವುದು ಇಲ್ಲೇ. ಉಪಕರಣ ತಾನೇ ಭಾರದ ಅಯಾನುಗಳನ್ನು ಹೆಚ್ಚಾಗಿ ದಾಟಿಸುವುದರಿಂದ ನೂರಕ್ಕೆ ಕೆಲವು ಭಾಗದಷ್ಟು ತಪ್ಪು ಬರುತ್ತದೆ. ನಾವು ಹುಡುಕುವ ವ್ಯತ್ಯಾಸಕ್ಕಿಂತ ಇದು ಎಷ್ಟೋ ಪಟ್ಟು ದೊಡ್ಡದು! ಇದನ್ನು ಸರಿಪಡಿಸಲು ಅನುಪಾತ ಗೊತ್ತಿರುವ ನಿಕ್ಕಲ್ ಅಥವಾ ಸತುವನ್ನು ಜೊತೆಗೆ ಹಾಯಿಸುತ್ತಾರೆ, ಪ್ರತಿ ಮಾದರಿಯ ಹಿಂದೆ ಮುಂದೆ ಪ್ರಮಾಣಿತ ಮಾದರಿಯನ್ನು ಅಳೆಯುತ್ತಾರೆ. ಇನ್ನೊಂದು ತೊಡಕು: ಸೋಡಿಯಂ (ದ್ರವ್ಯರಾಶಿ 23) ಆರ್ಗಾನ್ (40) ಜೊತೆ ಕೂಡಿದರೆ ಥಟ್ಟನೆ 63 ಆಗಿ ತಾಮ್ರದ ವೇಷ ಧರಿಸುತ್ತದೆ. ಕೈಬೆವರಿನ ಉಪ್ಪೂ ಇಲ್ಲಿ ಶತ್ರು. ಸೆಕೆಂಡಿನ ಶತಕೋಟಿಯ ಭಾಗದಷ್ಟು ಹೊತ್ತು ಮಿಡಿಯುವ ನ್ಯಾನೊಸೆಕೆಂಡ್ ಲೇಸರಿನ ಶಾಖಕ್ಕೆ ಕುಳಿಯಂಚು ಕರಗಿ ಅನುಪಾತ ಕದಲುವ ಅಪಾಯವಿದೆ. ಅದಕ್ಕಿಂತ ಎಷ್ಟೋ ಪಟ್ಟು ಚುಟುಕಾಗಿ ಮಿಡಿಯುವ ಫೆಮ್ಟೊಸೆಕೆಂಡ್ ಲೇಸರಿನಲ್ಲಿ ಆ ಅಪಾಯ ಬಹಳ ಕಡಿಮೆ. ಈ ಯಾವುದನ್ನೂ ಹೇಳದೆ ಪ್ರಕಟಿಸಿದ ಅಂಕಿಯನ್ನು ನಾನಂತೂ ಒಪ್ಪುವುದಿಲ್ಲ.

ಇನ್ನೊಂದು ಮಾತು. ಮೊದಲು ಖನಿಜವನ್ನು ಪುಡಿಮಾಡಿ ಆಮ್ಲದಲ್ಲಿ ಕರಗಿಸಬೇಕಿತ್ತು, ಹಾಗಾಗಿ ಒಳ್ಳೆಯ ಮಾದರಿಯನ್ನು ಬಿಟ್ಟುಕೊಡಲು ಯಾರಿಗೂ ಮನಸ್ಸಿರಲಿಲ್ಲ. ಈಗ ಕಲ್ಲು ಕಲ್ಲಾಗಿಯೇ ಉಳಿಯುತ್ತದೆ. ಚಿತ್ರದುರ್ಗದ ಬಳಿಯ ಇಂಗಳದಾಳದ ತಾಮ್ರದ ಗಣಿ ನಿಂತು ವರ್ಷಗಳೇ ಆಗಿವೆ. ಅಲ್ಲಿನ ಆಳದ ಅದಿರು ಇನ್ನು ಸಿಗುವುದು ಕಾಲೇಜುಗಳ ಬೀರುಗಳಲ್ಲಿ ಮಾತ್ರ. ಹಿತ್ತಾಳೆಯ ಹೊಳಪಿನ ಮೇಲೆ ನವಿಲುಬಣ್ಣ ಏರಿದ್ದ, ಗಣಿಯ ಆಳವನ್ನು ಶಾಯಿಯಲ್ಲಿ ಬರೆದ ಚೀಟಿ ಅಂಟಿದ್ದ ಅಂಥ ಒಂದು ತುಂಡನ್ನು ನಾನು ವಿದ್ಯಾರ್ಥಿಗಳಿಗೆ ವರ್ಷಗಟ್ಟಲೆ ತೋರಿಸಿದ್ದೇನೆ. ಪ್ರಯೋಗಾಲಯ ನವೀಕರಿಸುವಾಗ ಅದು ಇಟ್ಟಿಗೆಚೂರಿನೊಂದಿಗೆ ಹೊರಗೆ ಹೋಯಿತು. ಈ ನೋವು ನನಗೆ ಇಂದಿಗೂ ಇದೆ.

ಭೂವಿಜ್ಞಾನ ವಿಭಾಗಗಳ ಮುಖ್ಯಸ್ಥರಲ್ಲಿ ನನ್ನ ವಿನಂತಿ ಇಷ್ಟೇ: ಅದಿರಿನ ಮಾದರಿಗಳನ್ನು ಒಣಗಿದ ಜಾಗದಲ್ಲಿಡಿ, ಹೊಳಪಿಗಾಗಿ ಆಮ್ಲದಲ್ಲಿ ತೊಳೆಯಬೇಡಿ, ಎಲ್ಲಕ್ಕಿಂತ ಮುಖ್ಯವಾಗಿ ಚೀಟಿಗಳನ್ನು ಕಳೆಯಬೇಡಿ. ಏಕೆಂದರೆ ಯಾವ ಗಣಿಯ ಎಷ್ಟು ಆಳದ್ದೆಂದು ತಿಳಿಯದ ಕಲ್ಲನ್ನು ಎಷ್ಟು ಸೂಕ್ಷ್ಮವಾಗಿ ಅಳೆದರೂ ಆ ಅಂಕಿಯನ್ನು ಯಾವ ನಕ್ಷೆಯಲ್ಲೂ ಗುರುತಿಸಲಾಗದು.

– ನಿವೃತ್ತ ಭೂವಿಜ್ಞಾನ ಅಧ್ಯಾಪಕ, ಚಿತ್ರದುರ್ಗ