ಇಂದ್ರಲಾಲ್ ರಾಯ್ ಬಗ್ಗೆ ಕೇಳಿದ್ದೆಯಲ್ಲ, ಮಗಳೇ

ನೀರ್ಚಾಲು, ಕಾಸರಗೋಡು

ಪ್ರೀತಿಯ ಮಗಳಿಗೆ,

ಮೈಸೂರಿನ ವಾಯುಪಡೆ ಆಯ್ಕೆ ಮಂಡಳಿಯಿಂದ ಸಂದರ್ಶನಕ್ಕೆ ಕರೆ ಬಂದಿರುವುದನ್ನು ತಿಳಿಸುತ್ತಾ, ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರ ಯುದ್ಧವಿಮಾನ ಹಾರಿಸಿದ ಇಂದ್ರಲಾಲ್ ರಾಯ್ ಬಗ್ಗೆ ನನಗೆ ಗೊತ್ತಿರುವುದನ್ನೆಲ್ಲ ಬರೆದು ಕಳುಹಿಸಬೇಕೆಂದು ಕೇಳಿದ್ದೀಯೆ. ಎನ್‌ಸಿಸಿ ತರಗತಿಯಲ್ಲಿ ಅವನ ಬಗ್ಗೆ 13 ದಿನಗಳಲ್ಲಿ 10 ವಿಮಾನಗಳನ್ನು ಹೊಡೆದುರುಳಿಸಿದವನು ಎಂದಷ್ಟೇ ಹೇಳಿದರಂತೆ. ಆ ಲೆಕ್ಕ ಸುಳ್ಳಲ್ಲ. ಆದರೆ ಇಷ್ಟು ವರ್ಷ ಇತಿಹಾಸ ಪಾಠ ಮಾಡಿದ ನನಗೆ, 19 ವರ್ಷ ಬದುಕಿದ ಒಬ್ಬ ಹುಡುಗನ ಬಾಳನ್ನು 13 ದಿನಗಳಿಗೆ ಇಳಿಸಿಬಿಡುವುದು ಸರಿಯೆಂದು ತೋರುವುದಿಲ್ಲ.

ಅವನು ಹುಟ್ಟಿದ್ದು ಕಲ್ಕತ್ತೆಯಲ್ಲಿ, 1898ರ ಡಿಸೆಂಬರ್ 2ರಂದು. ತಂದೆ ಪಿಯಾರಿಲಾಲ್ ರಾಯ್ ಬ್ಯಾರಿಸ್ಟರ್. ತಾಯಿ ಲೋಲಿತಾ ರಾಯ್ ಮಕ್ಕಳೊಂದಿಗೆ ಲಂಡನ್ನಿನಲ್ಲಿ ನೆಲೆಸಿದ್ದವರು. 1911ರ ಜೂನ್ ತಿಂಗಳಲ್ಲಿ ಮತದಾನದ ಹಕ್ಕಿಗಾಗಿ ಆ ನಗರದಲ್ಲಿ ಮಹಿಳೆಯರು ನಡೆಸಿದ ದೊಡ್ಡ ಮೆರವಣಿಗೆಗೆ ಭಾರತೀಯ ಹೆಂಗಸರನ್ನು ಒಟ್ಟುಗೂಡಿಸಲು ಓಡಾಡಿದವರಲ್ಲಿ ಆಕೆಯೂ ಒಬ್ಬರು. ಈ ತಾಯಿಯನ್ನು ನೀನು ನೆನಪಿನಲ್ಲಿಡಬೇಕು. ಇಂದ್ರಲಾಲನ ಕಥೆ ಹೇಳುವವರು ಸಾಮಾನ್ಯವಾಗಿ ಆಕೆಯನ್ನು ಬಿಟ್ಟೇಬಿಡುತ್ತಾರೆ.

ಹುಡುಗ ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದಿದ. ಮನೆಯವರಿಗೂ ಗೆಳೆಯರಿಗೂ ಅವನು 'ಲ್ಯಾಡಿ'. ಬ್ರಿಟನ್ನಿನ ಅಂದಿನ ಸೇನಾ ವಿಮಾನದಳವಾದ ರಾಯಲ್ ಫ್ಲೈಯಿಂಗ್ ಕೋರ್ ಸೇರಲು ಹೋದಾಗ ದೃಷ್ಟಿ ಸಾಲದೆಂದು ಅವನನ್ನು ತಿರಸ್ಕರಿಸಿದರು. ಅವನು ತನ್ನ ಮೋಟಾರ್ ಸೈಕಲ್ಲನ್ನು ಮಾರಿ, ಆ ಹಣದಿಂದ ಹೆಸರಾಂತ ನೇತ್ರತಜ್ಞರೊಬ್ಬರ ಬಳಿ ಮತ್ತೆ ಪರೀಕ್ಷೆ ಮಾಡಿಸಿಕೊಂಡು, ಮೊದಲಿನ ತೀರ್ಪನ್ನು ಬದಲಾಯಿಸಿಕೊಂಡ. 1917ರ ಜುಲೈಯಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದಾಗ ಅವನಿಗೆ ಇನ್ನೂ 18 ವರ್ಷ; ನಿನಗಿಂತ ಚಿಕ್ಕವನು. ಕಣ್ಣಿನ ಪರೀಕ್ಷೆಯ ಬಗ್ಗೆ ನಿನಗಿರುವ ಆತಂಕ ನನಗೆ ಗೊತ್ತಿರುವುದರಿಂದ ಈ ಭಾಗವನ್ನು ನೀನು ಎರಡು ಸಲ ಓದುತ್ತೀ ಎಂದೂ ಗೊತ್ತು.

ನನ್ನನ್ನು ಹೆಚ್ಚು ಕಾಡುವುದು ಇದರ ಮುಂದಿನ ಭಾಗ. ಅದೇ ವರ್ಷದ ಅಕ್ಟೋಬರ್ ಕೊನೆಗೆ ಫ್ರಾನ್ಸಿನಲ್ಲಿ 56ನೇ ಸ್ಕ್ವಾಡ್ರನ್ (ವಿಮಾನ ತುಕಡಿ) ಸೇರಿದವನು, ಡಿಸೆಂಬರ್ 6ರಂದು ಎಸ್‌ಇ5ಎ ವಿಮಾನದೊಂದಿಗೆ ನೆಲಕ್ಕೆ ಅಪ್ಪಳಿಸಿದ. ಸತ್ತನೆಂದು ಭಾವಿಸಿ ಹೆಣಗಳ ಜೊತೆ ಇರಿಸಿದ್ದರು, ಎಚ್ಚರವಾದಾಗ ಬಾಗಿಲು ಬಡಿದ ಎಂಬ ಕಥೆಯೊಂದಿದೆ. ಅದು ಎಷ್ಟು ನಿಜವೋ, ಕಥೆ ಹೇಳುವವರ ಉತ್ಸಾಹ ಎಷ್ಟೋ, ಅದನ್ನು ಬದಿಗಿಡೋಣ. ನಿಶ್ಚಿತವಾದದ್ದೇನೆಂದರೆ, ಹಾರಾಟಕ್ಕೆ ಅನರ್ಹನೆಂದು ಅವನನ್ನು ಇಂಗ್ಲೆಂಡಿಗೆ ಮರಳಿಸಿದರು. ಚೇತರಿಸಿಕೊಳ್ಳುತ್ತಿದ್ದ ಆ ತಿಂಗಳುಗಳಲ್ಲಿ ಅವನು ವಿಮಾನಗಳ ಚಿತ್ರ ಬರೆಯುತ್ತಿದ್ದ. ಅವುಗಳಲ್ಲಿ ಹಲವು ಇಂದಿಗೂ ಉಳಿದಿವೆ. ನೆಲದ ಕೆಲಸದಲ್ಲೇ ಉಳಿಯಬಹುದಾಗಿದ್ದ ಹುಡುಗ, ವಿಮಾನ ಬಿದ್ದರೆ ಏನಾಗುತ್ತದೆಂಬುದನ್ನು ತನ್ನ ಮೈಯಲ್ಲೇ ಅರಿತ ಮೇಲೂ, ಹಟಹಿಡಿದು ಮತ್ತೆ ವೈದ್ಯಕೀಯ ಪರೀಕ್ಷೆಯಲ್ಲಿ ಉತ್ತೀರ್ಣನಾಗಿ, 1918ರ ಜೂನ್‌ನಲ್ಲಿ 40ನೇ ಸ್ಕ್ವಾಡ್ರನ್ ಸೇರಿ ಯುದ್ಧಕ್ಕೆ ಹಿಂದಿರುಗಿದ. ಮೊದಲ ಸಲ ಹೋಗುವಾಗ ಎಳೆಯ ವಯಸ್ಸಿನ ಉಮೇದು ಇದ್ದಿರಬಹುದು. ಎರಡನೆಯ ಸಲ ಹೋದದ್ದು ತಿಳಿದೂ ತಿಳಿದೂ. ಅವನ ಬದುಕಿನ ತಿರುಳು ಅಲ್ಲಿದೆ ಎಂದು ನಾನು ನಂಬಿದ್ದೇನೆ.

ಇನ್ನು ಆ 13 ದಿನಗಳು, ಜುಲೈ 6ರಿಂದ 19ರವರೆಗೆ. 10ರಲ್ಲಿ 5 ನಾಶವಾದವು, ಉಳಿದ 5 ನಿಯಂತ್ರಣ ತಪ್ಪಿ ಕೆಳಗಿಳಿದವು. ಎರಡು ಗೆಲುವುಗಳಲ್ಲಿ ಜೊತೆಗಾರರ ಪಾಲೂ ಇತ್ತು. ಮೊದಲನೆಯದು ಜರ್ಮನರ ಹ್ಯಾನೋವರ್ ಎಂಬ ಇಬ್ಬರು ಕುಳಿತುಕೊಳ್ಳುವ ವಿಮಾನ. ಅದರೊಳಗೆ ಇದ್ದವರೂ ಯಾರದೋ ಮಕ್ಕಳು. ಇಂದ್ರಲಾಲ್ ಹಾರಿಸುತ್ತಿದ್ದ ವಿಮಾನದ ಮೈ ಬಹುಪಾಲು ಮರದ ಚೌಕಟ್ಟಿಗೆ ಬಟ್ಟೆ ಬಿಗಿದದ್ದು, ನಮ್ಮ ಹಳೆಯ ಕೊಡೆಗಳ ಹಾಗೆ. ಬ್ರಿಟಿಷ್ ಕಡೆಯ ವಿಮಾನ ಚಾಲಕರಿಗೆ ಪ್ಯಾರಾಚೂಟ್ ಕೊಡುತ್ತಿರಲಿಲ್ಲ. ಜರ್ಮನರಿಗೆ ಆ ವರ್ಷ ಸಿಗತೊಡಗಿತ್ತು. ಜುಲೈ 22ರಂದು ಕಾರ್ವಾಂ ಎಂಬಲ್ಲಿ ಜರ್ಮನರ ಫೋಕರ್ ವಿಮಾನಗಳೊಂದಿಗೆ ನಡೆದ ಕಾಳಗದಲ್ಲಿ ಇಂದ್ರಲಾಲನ ವಿಮಾನ ಉರಿಯುತ್ತಾ ಬಿತ್ತು. ಹೊರಗೆ ಹಾರಲು ಅವನ ಬಳಿ ಏನೂ ಇರಲಿಲ್ಲ. ಈ ಒಂದು ವಾಕ್ಯವನ್ನು ಬರೆಯುವುದು ತಾಯಿಯಾದವಳಿಗೆ ಸುಲಭವಲ್ಲ.

40ನೇ ಸ್ಕ್ವಾಡ್ರನ್ನಿನಲ್ಲಿ ಅವನ ನಾಯಕನಾಗಿದ್ದ ಮ್ಯಾಕೆಲ್ರಾಯ್ ಅದೇ ಜುಲೈ 31ರಂದು ಸತ್ತ. ಇಂದ್ರಲಾಲನಿಗೆ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಘೋಷಣೆಯಾದದ್ದು ಸೆಪ್ಟೆಂಬರಿನಲ್ಲಿ. ಆ ಪದಕ ಪಡೆದ ಮೊದಲ ಭಾರತೀಯ ಅವನು. ನವೆಂಬರ್ 11ರಂದು ಯುದ್ಧವೇ ಮುಗಿಯಿತು. ಫ್ರಾನ್ಸಿನ ಎಸ್ತೆವೆಲ್ ಊರಿನ ಸ್ಮಶಾನದಲ್ಲಿರುವ ಅವನ ಸಮಾಧಿಯ ಮೇಲೆ ಬಂಗಾಳಿಯಲ್ಲಿ, ಇದು ಮಹಾವೀರನ ಸಮಾಧಿ, ಗೌರವ ತೋರಿ, ಮುಟ್ಟಬೇಡಿ ಎಂಬರ್ಥದ ಬರಹವಿದೆ.

ಅದು ಯಾರ ಯುದ್ಧವಾಗಿತ್ತು ಎಂಬುದನ್ನು ಹೇಳದೆ ನಾನು ಮುಂದೆ ಹೋಗಲಾರೆ. ಮೊದಲ ಮಹಾಯುದ್ಧದಲ್ಲಿ ಭಾರತದ 10 ಲಕ್ಷಕ್ಕೂ ಹೆಚ್ಚು ಜನ ಸಾಗರ ದಾಟಿದರು, 70 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಇಷ್ಟು ಕೊಟ್ಟ ಮೇಲೆ ನಮ್ಮನ್ನು ಸಮಾನರೆಂದು ಕಾಣುತ್ತಾರೆಂದು ಅಂದಿನ ಅನೇಕ ವಿದ್ಯಾವಂತರು ನಂಬಿದ್ದರು. ಇಂದ್ರಲಾಲ್ ಸತ್ತು 9 ತಿಂಗಳು ತುಂಬುವ ಮೊದಲೇ, 1919ರ ಏಪ್ರಿಲ್ 13ರಂದು, ಅದೇ ಸರಕಾರದ ಸೈನ್ಯ ಜಲಿಯನ್‌ವಾಲಾ ಬಾಗಿನಲ್ಲಿ ಗುಂಡು ಹಾರಿಸಿತು. ಅವನು ಬದುಕಿದ್ದರೆ ಆ ಸುದ್ದಿಯನ್ನು ಯಾವ ಸಮವಸ್ತ್ರದಲ್ಲಿ ನಿಂತು ಓದುತ್ತಿದ್ದ ಎಂಬ ಪ್ರಶ್ನೆ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಅಂದು ನಮ್ಮ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರಲ್ಲಿ ಗೆರೆ ಬೇರೆ ಕಡೆ ಬಿತ್ತು, ನಾವು ಇದ್ದಲ್ಲೇ ಇದ್ದೆವು. ನಕ್ಷೆಯನ್ನು ಬೇರೆಯವರು ಬರೆಯುತ್ತಾರೆ, ಅದರೊಳಗೆ ಬದುಕುವವರು ನಾವು ಎಂಬ ಅರಿವು ಇಲ್ಲಿನವರಿಗೆ ಹಾಲಿನ ಜೊತೆಗೇ ಬಂದದ್ದು. ಅವನ ಶೌರ್ಯವನ್ನು ನಾನು ಕಡಿಮೆ ಮಾಡುತ್ತಿಲ್ಲ. ಆ ಶೌರ್ಯವನ್ನು ಬಳಸಿಕೊಂಡವರನ್ನು ಕ್ಷಮಿಸಲು ನನಗೆ ಆಗುವುದಿಲ್ಲ.

ನಿನ್ನ ವಿಷಯ ಬೇರೆ ಎಂದು ನೀನು ಹೇಳುತ್ತೀ, ಅದು ನಿಜ. ನೀನು ಸೇರಬಯಸುವುದು ನಮ್ಮದೇ ವಾಯುಪಡೆ. 1954ರಲ್ಲಿ ಅದರ ಮೊದಲ ಭಾರತೀಯ ಮುಖ್ಯಸ್ಥರಾದ ಸುಬ್ರತೋ ಮುಖರ್ಜಿ ಇಂದ್ರಲಾಲನ ಬಂಧು. 2016ರಲ್ಲಿ ಮೂವರು ಹೆಣ್ಣುಮಕ್ಕಳು ಯುದ್ಧವಿಮಾನ ಚಾಲಕರಾದಾಗ ನೀನು ಆ ಪತ್ರಿಕೆಯ ಪುಟವನ್ನು ಕತ್ತರಿಸಿ ಕಪಾಟಿನ ಒಳಬಾಗಿಲಿಗೆ ಅಂಟಿಸಿದ್ದು ಈಗಲೂ ಅಲ್ಲೇ ಇದೆ. ಈ ಜಿಲ್ಲೆಯಲ್ಲಿ ವಿಮಾನವೆಂದರೆ ದುಬೈ, ಮತ್ತೆ 2010ರ ಮೇ 22ರ ಮಂಗಳೂರಿನ ದುರಂತ. ಅಂದು ಸತ್ತ 158 ಮಂದಿಯಲ್ಲಿ ನಮ್ಮ ಕಡೆಯವರೂ ಅನೇಕರಿದ್ದರು. ಆದ್ದರಿಂದ ನೆರೆಹೊರೆಯವರು 'ಹುಡುಗಿಯನ್ನು ಯಾಕೆ ಬಿಡುತ್ತೀರಿ' ಎಂದು ಕೇಳುವಾಗ ನನಗೆ ಸಿಟ್ಟು ಬರುವುದಿಲ್ಲ. ಬಿಡುತ್ತೇನೆ ಎಂದೇ ಹೇಳುತ್ತೇನೆ.

ಹೋಗಬೇಡ ಎನ್ನುವ ಉದ್ದೇಶ ಈ ಪತ್ರಕ್ಕಿಲ್ಲ. ಆದರೆ ಅಲ್ಲಿ ಯಾರಾದರೂ ಅವನ ಬಗ್ಗೆ ಕೇಳಿದರೆ 13 ದಿನಗಳಿಂದ ಶುರುಮಾಡಬೇಡ. ಚಿತ್ರ ಬರೆಯುತ್ತಿದ್ದ ಆ ತಿಂಗಳುಗಳನ್ನು ಹೇಳು, ಗಂಡುಮಕ್ಕಳನ್ನು ಆ ಯುದ್ಧಕ್ಕೆ ಕಳುಹಿಸಿ ಒಬ್ಬನನ್ನು ಕಳೆದುಕೊಂಡ ಲೋಲಿತಾ ರಾಯ್ ಹೆಸರನ್ನು ಹೇಳು.

ಕನ್ನಡಕ ಬದಲಿಸಲು ಹೇಳಿದ್ದನ್ನು ಮುಂದೂಡಬೇಡ. ಮೈಸೂರಿಗೆ ನಿನ್ನ ಜೊತೆ ನಾನೂ ಬರುತ್ತೇನೆ. ಅಪ್ಪನಿಗೆ ಹೇಳಿಯಾಗಿದೆ, ಶಾಲೆಗೆ ರಜೆ ಬರೆದಾಗಿದೆ.

ನಿನ್ನ ಅಮ್ಮ