ಪೇಷಂಟ್ ಕಡೆಯವರನ್ನು ಪಾಠಕ್ಕೂ ಕರೆಯಿರಿ

ಕರ್ನಾಟಕ ಸರ್ಕಾರದ ವೈದ್ಯಕೀಯ ಶಿಕ್ಷಣ ಸಚಿವರಿಗೆ,

ಮಾನ್ಯರೇ,

ಆಸ್ಪತ್ರೆಯಲ್ಲಿ ನನ್ನ ಹೆಸರು ‘ಪೇಷಂಟ್ ಕಡೆಯವರು’. ತಮ್ಮನಿಗೆ ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಶುರುವಾಗಿ ಹತ್ತೊಂಬತ್ತು ವರ್ಷ. ವಾರ್ಡಿನ ಬಾಗಿಲಲ್ಲಿ ಯಾರು ಹಾಗೆ ಕೂಗಿದರೂ ಎದ್ದು ನಿಲ್ಲುವವಳು ನಾನೇ.

ಕಳೆದ ಸಲ ಎದ್ದಾಗ ಎದುರಿಗೆ ಒಬ್ಬ ವಿದ್ಯಾರ್ಥಿನಿ, ಕೈಯಲ್ಲಿ ಕೇಸ್ ಶೀಟ್. “ಮನೇಲಿ ಇವರನ್ನ ಬೈತೀರಾ?” ಅಂದಳು. ಹೌದು ಅಂದೆ. ಬರೆದುಕೊಂಡಳು. ಮನೆಯವರ ಕಟುಮಾತು ಹೆಚ್ಚಾದರೆ ಕಾಯಿಲೆ ಮರುಕಳಿಸುವ ಸಂಭವವೂ ಹೆಚ್ಚು ಎಂದು ಅವಳ ಪುಸ್ತಕ ಹೇಳುತ್ತದೆ. ಸುಳ್ಳಲ್ಲ. ಆದರೆ ಯಾವಾಗ ಬೈತೀರಿ ಅಂತ ಅವಳು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ಮೂರು ರಾತ್ರಿ ನಿದ್ದೆಗೆಟ್ಟ ಮೇಲೆ, ನಾಲಿಗೆಯಡಿ ಅಡಗಿಸಿಟ್ಟ ಮಾತ್ರೆಯನ್ನು ಅವನು ಬಚ್ಚಲಲ್ಲಿ ಉಗುಳಿದ್ದು ಕಂಡಾಗ. ಈ ಕಾಯಿಲೆಗೆ ಕೊಡುವ ಕ್ಲೋಜಪಿನ್ ಮಾತ್ರೆ ಶುರುವಾದ ಮೇಲೆ ದಿಂಬೆಲ್ಲ ಜೊಲ್ಲಿಗೆ ನೆನೆಯುತ್ತಿತ್ತು, ಆ ನಾಚಿಕೆಗೇ ಮಾತ್ರೆ ಉಗುಳುತ್ತಿದ್ದ ಅನ್ನುವುದನ್ನೂ ಹೇಳುತ್ತಿದ್ದೆ. ಟಿ.ವಿ. ಸದ್ದು ತಗ್ಗಿಸು ಅನ್ನತೊಡಗಿದನೆಂದರೆ ಇನ್ನು ಹತ್ತು ದಿನಕ್ಕೆ ಅವನಿಗೆ ಹುಷಾರು ತಪ್ಪುತ್ತದೆ. ಇದನ್ನು ಬರೆಯಲು ಕೇಸ್ ಶೀಟಿನಲ್ಲಿ ಜಾಗವಿಲ್ಲ. ಹುಡುಗಿಯ ತಪ್ಪೇನಿಲ್ಲ, ಅವಳಿಗೆ ಪಾಠ ಹೇಳಿದವರಲ್ಲಿ ನಮ್ಮಂಥವರು ಯಾರೂ ಇದ್ದಂತಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಆರೈಕೆ ಮಾಡುವವರ ಪರವಾಗಿ ಇಬ್ಬರಿಗೆ, ಕಾಯಿಲೆ ಅನುಭವಿಸಿದವರ ಪರವಾಗಿ ಇಬ್ಬರಿಗೆ ಕುರ್ಚಿ ಹಾಕಿದೆ. ಅಲ್ಲಿ ಕೂರಲು ಲಾಯಕ್ಕಾದವರು ತರಗತಿಯಲ್ಲಿ ನಿಲ್ಲಲು ಯಾಕೆ ಆಗುವುದಿಲ್ಲ? ಇಂಗ್ಲೆಂಡಿನಲ್ಲಿ 2003ರಲ್ಲಿ ಹೊಸ ಸಮಾಜಕಾರ್ಯ ಪದವಿ ಶುರುವಾದಾಗಲೇ ಇಂಥವರನ್ನು ಪಾಠದಲ್ಲಿ ಸೇರಿಸಿಕೊಳ್ಳುವುದು ಕಡ್ಡಾಯವಾಯಿತು.

ಪಠ್ಯಕ್ರಮ ದೆಹಲಿಯದು ಅಂತೀರಿ. ಸರಿ, ಆದರೆ 2019ರಿಂದ ಎಂ.ಬಿ.ಬಿ.ಎಸ್.ನಲ್ಲಿ ವೈದ್ಯರ ನಡತೆ, ನೀತಿ, ಮಾತುಕತೆಯ ಪಾಠಕ್ಕೆಂದೇ ಗಂಟೆಗಳಿವೆ. ಆ ಗಂಟೆಗಳಲ್ಲಿ ಯಾರನ್ನು ಕರೆಸಿ ಮಾತಾಡಿಸಬೇಕೆಂದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ತನ್ನ ಕಾಲೇಜುಗಳಿಗೆ ಹೇಳಬಹುದಲ್ಲ? ನರ್ಸಿಂಗ್‌ಗೂ ಹೇಳಲಿ. ಎಂ.ಎಸ್.ಡಬ್ಲ್ಯು., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಓದುವವರು ನಿಮ್ಮ ಖಾತೆಗೆ ಬರುವುದಿಲ್ಲ, ಗೊತ್ತು. ಉನ್ನತ ಶಿಕ್ಷಣ ಸಚಿವರಿಗೆ ಒಂದು ಮಾತು ನೀವೇ ಹೇಳಿ.

ಕರೆಯುವಾಗ ಬೆಂಗಳೂರಿನಲ್ಲಿ ಚೆನ್ನಾಗಿ ಮಾತಾಡುವ ನಾಲ್ಕು ಜನರನ್ನಷ್ಟೇ ಆರಿಸಬೇಡಿ. ಮಾನಸಿಕ ಕಾಯಿಲೆಯವರನ್ನು ನೋಡುವ ಮನೋಚೈತನ್ಯ ಕ್ಲಿನಿಕ್ಕಿಗೆಂದು ಮಂಗಳವಾರ ತಾಲ್ಲೂಕು ಆಸ್ಪತ್ರೆಯ ಜಗಲಿ ಮೇಲೆ ಕೂರುವ ತಾಯಂದಿರೂ ಬರಲಿ. ‘ಗಾಳಿ ಸೋಕಿದೆ’ ಎಂದು ಮೊದಲು ಎಲ್ಲೆಲ್ಲಿ ಅಲೆದರು, ಎಷ್ಟು ಸಾಲವಾಯಿತು ಅಂತ ಅವರ ಬಾಯಿಂದಲೇ ಕೇಳಲಿ. ಮತ್ತೆ ದುಡ್ಡು ಕೊಡಿ, ಶಾಲು ಹಾರ ಬೇಡ. ಬಸ್ಸಿಗೆ ಶಕ್ತಿ ಯೋಜನೆ ಇದೆ, ಆ ಖರ್ಚು ನನಗಿಲ್ಲ. ನಾನು ಪಾಠಕ್ಕೆ ಬಂದ ದಿನ ತಮ್ಮನ ಜೊತೆ ಮನೆಯಲ್ಲಿ ಕೂರುವವರಿಗೆ ಕೂಲಿ ಕೊಡಬೇಕಲ್ಲ!

ಅವನ ಕಥೆ ಹೇಳುವ ಮೊದಲು ಅವನ ಒಪ್ಪಿಗೆ ಬೇಕು. ಈ ಪತ್ರ ಓದಿ ಹೇಳಿದೆ. ಜೊಲ್ಲಿನ ವಿಷಯ ತೆಗೆಯಲೇನೋ ಅಂದೆ. “ಇರಲಿ ಬಿಡು. ನನ್ನನ್ನೂ ಕರೀಬೇಕು ಅಂತ ಸೇರಿಸು” ಅಂದ. ಸೇರಿಸಿದ್ದೇನೆ.

ಇಂತಿ,
ಒಬ್ಬ ಅಕ್ಕ